ವಿಭೂತಿ ಹಚ್ಚಿದ ಕಂಪ್ಯೂಟರ್

ನಮ್ಮ ಕಡೆ ಮನೆಗೆ ಯಾರೇ ಬರಲಿ, ನೀರಿನ ತಂಬಿಗೆ ಅವರ ಕೈ ಸೇರುವಷ್ಟರಲ್ಲಿ ಊರು, ಮನೆತನ, ಸೋದರಮಾವನ ಊರು ಎಲ್ಲ ಕೇಳಿ ಮುಗಿದಿರುತ್ತದೆ. ನಾನಂತೂ ಇಂಡಿ ಪಟ್ಟಣದ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಆದಿಲ್‌ಶಾಹಿ ಸುಲ್ತಾನರ ವಂಶಾವಳಿಯನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. ಅಂಥವನನ್ನು, ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದಿದೆ ಎಂದು ಕೇಳಿದರೆ ಗೋಡೆ ನೋಡುತ್ತ ನಿಂತೆ.

ಕೇಳಿದವನು ಹೆಂಡತಿಯ ತಮ್ಮ ಈರಣ್ಣ, ಮುದ್ದೇಬಿಹಾಳದಲ್ಲಿ ಫೋಟೊ ಸ್ಟುಡಿಯೋ ಇಟ್ಟವನು. ಅವನಿಗೆ ನಾನು ಫೋನು ಹಚ್ಚಿದ್ದಕ್ಕೆ ಕಾರಣವಿತ್ತು. ನನ್ನ ಹೆಂಡತಿ ಸುವರ್ಣಾ ಮದುವೆಗೆ ಮುಂಚೆ ಸಿವಿಲ್ ಡಿಪ್ಲೊಮಾ ಮಾಡಿದವಳು. ಮಕ್ಕಳು ದೊಡ್ಡವರಾದ ಮೇಲೆ ಸಿಂದಗಿಯ ಎಂಜಿನಿಯರೊಬ್ಬರ ಹಳೆಯ ಕಂಪ್ಯೂಟರ್ ತರಿಸಿಕೊಂಡು, ಮನೆಗಳ ನಕ್ಷೆ ಹಾಕುವುದನ್ನು ಹೊಸದಾಗಿ ಕಲಿತಳು. ಮೊದಲ ಗಿರಾಕಿ ತಾಂಬಾದ ಸಾಹುಕಾರರು, ಲಿಂಬೆ ತೋಟದವರು. ಪಾಯ ತೆಗೆಯುವ ಮುಂಚೆ ಅವರಿಗೆ ಮನೆಯನ್ನು ಪರದೆಯ ಮೇಲೆ ಒಂದು ಸುತ್ತು ತಿರುಗಿಸಿ ನೋಡಬೇಕಿತ್ತು. ದಸರೆಗೆ ಮುಂಚೆ ಚೆನ್ನಾಗಿಯೇ ತಿರುಗುತ್ತಿದ್ದ ಮನೆ, ಅವರು ಬಂದು ಕುಳಿತ ದಿನ ಹಿತ್ತಿಲ ಬಾಗಿಲನ್ನು ಮುಂದೆ ಮಾಡಿಕೊಂಡು ನಿಂತುಬಿಟ್ಟಿತು.

"ಮುಂದಿನ ಬಾಗಲಾ ಯಾವಾಗ ಬರ್ತೈತ್ರಿ ಸರ?" ಎಂದು ಅವರು ನನ್ನನ್ನು ಕೇಳಿದರು. ಮೌಸು ಸುವರ್ಣಾಳ ಕೈಯಲ್ಲಿತ್ತು. ಚಹಾ ಮುಗಿಯಿತು, ಬಾಗಿಲು ಬರಲಿಲ್ಲ. "ಇರಲಿ, ಸೋಮವಾರ ಬರ್ತೇನಿ. ಆಗ್ಲೂ ಆಗ್ಲಿಲ್ಲಂದ್ರ ವಿಜಯಪುರದಾಗ ಮಾಡಸ್ತೇನ್ರಿ," ಎಂದು ಎದ್ದರು.

ಸುವರ್ಣಾ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. "ಈ ವಯಸ್ಸಿನ್ಯಾಗ ನನಗ್ಯಾಕ ಬೇಕಿತ್ರಿ ಇದು," ಎಂದಳು. ನನಗೆ ಕಸಿವಿಸಿಯಾಯಿತು. ಈ ಸಲ ಕೈಬಿಟ್ಟರೆ ಅವಳು ಮತ್ತೆ ಹಿಡಿಯುವವಳಲ್ಲ.

"ಡಬ್ಬಿ ಮ್ಯಾಲ ಚೀಟಿ ಇರ್ತೈತಿ ನೋಡ್ರಿ ಮಾಮಾ," ಎಂದ ಈರಣ್ಣ ಫೋನಿನಲ್ಲಿ. ಚೀಟಿ ಇತ್ತು. ಆದರೆ ಪ್ರತಿ ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ನಾನು ಅದರ ಮೇಲೇ ಮೂರು ಬೆರಳು ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತ ಬಂದಿದ್ದೆ. ಕಂಪ್ಯೂಟರಿಗೂ ಒಂದು ಹಣೆ ಬೇಕಲ್ಲ! ಒದ್ದೆ ಅರಿವೆಯಿಂದ ಒರೆಸಿದರೆ ವಿಭೂತಿಯ ಜೊತೆಗೆ ಅಕ್ಷರಗಳೂ ಬಂದುಬಿಟ್ಟವು.

ಈರಣ್ಣ ಮನಸಾರೆ ನಕ್ಕ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿಸಿ, ಪರ್ಫಾರ್ಮೆನ್ಸ್ ಎನ್ನುವಲ್ಲಿ ನೋಡಲು ಹೇಳಿದ. ಅಲ್ಲಿದ್ದದ್ದು ಒಂದಲ್ಲ, ಎರಡು ಗ್ರಾಫಿಕ್ಸ್ ಕಾರ್ಡುಗಳ ಹೆಸರು. ಪ್ರೊಸೆಸರಿನ ಜೊತೆಗೇ ಹುಟ್ಟಿಬಂದ ಸಣ್ಣದು ಮೈಮುರಿದು ದುಡಿಯುತ್ತಿತ್ತು. ಎಂಜಿನಿಯರರು ಬೇರೆ ಹಾಕಿಸಿದ್ದ ದೊಡ್ಡ ಕಾರ್ಡಿನ ಮುಂದೆ ಮಾತ್ರ ಸೊನ್ನೆ.

"ಪೂಜಿ ಮಾಡುಮುಂದ ವೈರ್ ಬಿಚ್ಚಿದ್ರೇನ್ರಿ?"

ಬಿಚ್ಚದೆ ಮಣೆಯ ಮೇಲೆ ಕೂರಿಸುವುದು ಹೇಗೆ? ಹೂವು ಏರಿಸಿ, ಕಾಯಿ ಒಡೆದು, ಮರಳಿ ಜೋಡಿಸುವಾಗ ಪರದೆಯ ವೈರನ್ನು ಮೊದಲು ಕಂಡ ತೂತಿಗೆ ಚುಚ್ಚಿದ್ದೆ. ಅದು ಸಣ್ಣದರ ತೂತು. ಹಿಂದಿನ ವರ್ಷಗಳಲ್ಲಿ ನನ್ನ ಅದೃಷ್ಟ ನೆಟ್ಟಗಿತ್ತು, ಅಷ್ಟೆ. ಸುವರ್ಣಾ ವೈರನ್ನು ಕೆಳಗಿದ್ದ ದೊಡ್ಡ ಕಾರ್ಡಿನ ತೂತಿಗೆ ಬದಲಿಸಿದಳು. ಸಾಹುಕಾರರ ಮನೆ ಗಿರ್ರನೆ ತಿರುಗಿತು. ಅವಳ ಮುಖ ನೋಡಿ ನನಗೂ ಹಸಿವಾಯಿತು.

ಅಂದಿನಿಂದ ಯೋಚಿಸುತ್ತಿದ್ದೇನೆ. ಹೊರಗಿನವರ ಏಳು ತಲೆಮಾರು ಕೇಳುವ ನಾವು ಮನೆಯೊಳಗಿನವರನ್ನು ಏನೂ ಕೇಳುವುದಿಲ್ಲ, ಗೊತ್ತಿದೆ ಅಂದುಕೊಂಡಿರುತ್ತೇವೆ. ಪೂಜೆ ಮಾಡಲು ಒಂದು ಹಣೆ ಸಿಕ್ಕರೆ ಸಾಕು. ಒಳಗೆ ಯಾರಿದ್ದಾರೆ, ಅವರ ಕೈಯಿಂದ ಏನಾಗುತ್ತದೆ ಎನ್ನುವುದು ಕೆಲಸ ನಿಂತಾಗಲೇ ನೆನಪಾಗುವುದು.

ಸೋಮವಾರ ಸಾಹುಕಾರರು ಬಂದರು. ಮುಂದಿನ ಬಾಗಿಲನ್ನು ಕಣ್ತುಂಬ ನೋಡಿದರು. ಆಮೇಲೆ ಮತ್ತೆ ನನ್ನ ಕಡೆಯೇ ಹೊರಳಿ, "ಸರ, ದೇವರ ಮನಿ ಸ್ವಲ್ಪ ಈ ಕಡಿ ಸರಸಬೌದೇನ್ರಿ?" ಎಂದರು.

"ಅದನ್ನ ಅಕಿಗೆ ಕೇಳ್ರಿ ಸಾವಕಾರ್ರ," ಎಂದೆ. "ನಂದು ಬರೇ ಪೂಜಿ ಮಾಡೂ ಕೆಲಸ."

ಅವರು ಕುರ್ಚಿಯನ್ನು ಸುವರ್ಣಾಳ ಕಡೆ ತಿರುಗಿಸಿಕೊಂಡರು.