ಒಂದು ಬೆರಳು ಮೇಲೆ ಹೋದ ಕೆಂಪು

ನನಗೆ ಹೆಸರು ತಂದ ಆ ಚಿತ್ರ ನನ್ನದಲ್ಲ, ದಸ್ತಗೀರ್ ಸಾಬ್ರೆ. ನಿಮ್ಮದು. ಕದ್ದೆ. ಇಪ್ಪತ್ತು ವರ್ಷ ಅದನ್ನು ‘ಪ್ರೇರಣೆ’ ಎಂದು ಕರೆದುಕೊಂಡು ತಿರುಗಿದೆ — ಥೂ, ಎಂಥ ನಯವಾದ ಮಾತು!

ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದಾಗ ಹರಿಹರಕ್ಕೆ, ನಿಮ್ಮ ಲಾರಿ ಪೇಂಟಿಂಗ್ ಶೆಡ್ಡಿಗೆ ಬರುತ್ತಿದ್ದೆ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಬಿಟ್ಟರೆ ಸಾಕು, ನಿಮಗೆ ನೇರ ಗೆರೆ ಮೂಡುತ್ತಿತ್ತು. ನನಗೆ ಸ್ಕೇಲಿಟ್ಟರೂ ಸೊಟ್ಟ. ಕೆಲಸ ಮುಗಿದ ಮೇಲೆ ಡಬ್ಬಿಯ ತಳದ ಬಣ್ಣವನ್ನು ಒಂದು ಪ್ಲೈವುಡ್ ಹಲಗೆಗೆ ಹಚ್ಚುತ್ತಿದ್ದಿರಿ — ಹಳದಿ ಚೌಕ, ನೀಲಿ ಪಟ್ಟೆ, ಬುಡದಲ್ಲೊಂದು ಕೆಂಪು ತ್ರಿಕೋನ. ಹತ್ತು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಬಂದು ತಿದ್ದುತ್ತಿದ್ದಿರಿ. ಯಾವ ಲಾರಿಗೆ ಎಂದು ಕೇಳಿದರೆ, “ಯಾವ್ದಕ್ಕೂ ಅಲ್ಲ, ಸುಮ್ನೆ ನನ್ನ ಖುಷಿಗೆ” ಎಂದಿರಿ.

ಮೇಷ್ಟ್ರಿಗೆ ತೋರಿಸುತ್ತೇನೆಂದು ಆ ಹಲಗೆ ಒಯ್ದೆ. ತೋರಿಸಲಿಲ್ಲ. ನಿಟ್ಟುವಳ್ಳಿಯ ನನ್ನ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕ್ಯಾನ್ವಾಸಿಗೆ ಇಳಿಸಿದೆ. ಕಳ್ಳತನ ಗೊತ್ತಾಗಬಾರದಲ್ಲ — ಕೆಂಪು ತ್ರಿಕೋನವನ್ನು ಒಂದು ಬೆರಳು ಮೇಲೆ ಸರಿಸಿದೆ. ಇಡೀ ಚಿತ್ರದಲ್ಲಿ ನನ್ನ ಸೃಷ್ಟಿ ಅಷ್ಟೇ!

ಬಹುಮಾನ ಬಂತು. ಪ್ರದರ್ಶನಕ್ಕೆ ನೀವು ಇಸ್ತ್ರಿ ಅಂಗಿ ತೊಟ್ಟು ಬಂದಿರಿ. ಹತ್ತು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿದಿರಿ. ಕಳ್ಳ ಎನ್ನಲಿಲ್ಲ ನೀವು.

“ಕೆಂಪು ಒಂದು ಬೆರಳು ಮ್ಯಾಲೆ ಹೋಗೈತಲ್ಲೋ ತಮ್ಮಾ. ಅದು ಅಲ್ಲಿ ನಿಲ್ಲಂಗಿಲ್ಲ.”

ಎಲ್ಲರೂ ತಿರುಗಿ ನೋಡಿದರು. ಆಗ ನಾನು — ಇದೇ ಬಾಯಿಂದ —

“ಇದು ಲಾರಿ ಅಲ್ರಿ ಸಾಬ್ರೆ. ನಿಮಗೆ ತಿಳಿಯಂಗಿಲ್ಲ, ಬಿಡ್ರಿ.”

ನಕ್ಕರು. ಚೌಕ ಯಾವುದು, ಬಣ್ಣಕ್ಕೆ ಬಣ್ಣ ಕೊಡುವ ತೂಕ ಯಾವುದು ಗೊತ್ತಿಲ್ಲದವರೆಲ್ಲ ನಕ್ಕರು. ಅವರ ಮೇಲೆ ಈಗಲೂ ಮೈ ಉರಿಯುತ್ತದೆ. ಆದರೆ ನಗಿಸಿದವನು ನಾನಲ್ಲವೇ? ನೀವೂ ನಗಲು ನೋಡಿದಿರಿ, ಆಗಲಿಲ್ಲ. ಹಲಗೆಯನ್ನೂ ಕೇಳದೆ ಹೊರಟುಹೋದಿರಿ.

ಆ ಚಿತ್ರ ಸರಸ್ವತಿ ನಗರದ ನನ್ನ ಮನೆಯ ಗೋಡೆಯ ಮೇಲಿದೆ. ದಿನಾ ನೋಡುತ್ತೇನೆ. ನೀವು ಹೇಳಿದ್ದು ಸರಿ — ಕೆಂಪು ಅಲ್ಲಿ ನಿಲ್ಲುತ್ತಿಲ್ಲ. ಅವತ್ತೇ ಗೊತ್ತಿತ್ತು ನನಗೆ. ಗೊತ್ತಿದ್ದೂ…

ಕ್ಷಮಿಸಿ ಎನ್ನಲು ಮುಖವಿಲ್ಲ. ಅವತ್ತು ನಕ್ಕವರೂ ಓದಲೆಂದೇ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಹಲಗೆ ತೆಗೆದುಕೊಂಡು ಹರಿಹರಕ್ಕೆ ಬರುತ್ತೇನೆ. ಬೈಯಿರಿ, ಬಾಗಿಲು ಹಾಕಿಕೊಳ್ಳಿ, ಹಲಗೆ ಮಾತ್ರ ಇಸಿದುಕೊಳ್ಳಿ.

ಕ್ಯಾನ್ವಾಸಿನ ಮೇಲಿನ ನನ್ನ ಸಹಿಯನ್ನು ಇವತ್ತು ಕೆರೆದು ತೆಗೆದೆ. ಆ ಜಾಗದಲ್ಲಿ ನಿಮ್ಮ ಹೆಸರು ಬರೆಯಲು ಕುಂಚ ಎತ್ತಿದವನು ಹಾಗೇ ಕೆಳಗಿಟ್ಟೆ. ನೀವಾಗಿದ್ದರೆ ಆ ಕೆಂಪನ್ನು ಅಲ್ಲಿ ಇಡುತ್ತಿರಲಿಲ್ಲ.