ಉಪ್ಪು ಹೊತ್ತು ಹೋದ ನೀರು

ದಾಂಡೇಲಿಯ ಒಂದು ಧರ್ಮಾರ್ಥ ದವಾಖಾನೆಯ ಹಿಂದೆ ಇಪ್ಪತ್ತಡಿ ಉದ್ದದ, ಎದೆಮಟ್ಟದ ಈಜುಕೊಳವಿತ್ತು. ಪೋಲಿಯೋದಿಂದ ಕಾಲು ಸೊರಗಿದವರಿಗಾಗಿ ಒಬ್ಬ ಮುದಿ ಡಾಕ್ಟರು ಕಟ್ಟಿಸಿದ್ದು. ಉಪ್ಪುನೀರು ಮೈಯನ್ನು ಎತ್ತಿ ಹಿಡಿಯುತ್ತದೆ, ನೆಲದ ಮೇಲೆ ನಿಲ್ಲಲಾರದ ಕಾಲು ಅದರಲ್ಲಿ ನಿಲ್ಲುತ್ತದೆ ಎಂದು ಅವರು ನಂಬಿದ್ದರು. ಕೊಳ ತುಂಬಿದ ಎರಡನೆಯ ವರ್ಷವೇ ಅವರು ತೀರಿಕೊಂಡರು. ನೀರಿನ ಉಪ್ಪು ನೋಡಿಕೊಳ್ಳುವ ಕೆಲಸ ಕಾಯತಾನನಿಗೆ ಉಳಿಯಿತು.

ಕಾಯತಾನ ಹಳಿಯಾಳ ಕಡೆಯ ಸಿದ್ದಿ ಬುಡಕಟ್ಟಿನವನು. ಕಾಡಿನಲ್ಲಿ ಮರ ಕಡಿಯುತ್ತಿದ್ದವನು ಬೆನ್ನಿಗೆ ಪೆಟ್ಟು ಬಿದ್ದ ಮೇಲೆ ಇಲ್ಲಿ ಸೇರಿದ್ದ. ಶಾಲೆಗೆ ಹೋದವನಲ್ಲ. ಆದರೆ ಡಾಕ್ಟರು ಕೊಟ್ಟಿದ್ದ ಗಾಜಿನ ಕೊಳವೆಯನ್ನು ನೀರಿನಲ್ಲಿ ತೇಲಿಬಿಟ್ಟು, ಅದು ಯಾವ ಗೆರೆಯವರೆಗೆ ಮುಳುಗಿತು ಎಂದು ನೋಡಿ ಉಪ್ಪು ಹೇಳಬಲ್ಲವನಾಗಿದ್ದ. ಉಪ್ಪು ಹೆಚ್ಚಿದರೆ ಕೊಳವೆ ಮೇಲೇಳುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ಸಪ್ಪಗಾದರೆ ಕುಮಟೆಯಿಂದ ಬಂದ ಹರಳುಪ್ಪನ್ನು ಗೋಣಿಚೀಲದಲ್ಲೇ ಮುಳುಗಿಸಿ ಕರಗಿಸುತ್ತಿದ್ದ. ಬೇಸಿಗೆಯಲ್ಲಿ ನೀರು ಆರಿ ಉಪ್ಪು ಗಟ್ಟಿಯಾದರೆ ಸಿಹಿನೀರು ಬಿಡುತ್ತಿದ್ದ. ತಪ್ಪಿದರೆ ಮಕ್ಕಳ ಕಣ್ಣು ಉರಿಯುತ್ತಿತ್ತು, ಇಲ್ಲವೇ ಕಾಲು ಕುಸಿಯುತ್ತಿತ್ತು.

ಆ ಮಕ್ಕಳಲ್ಲಿ ಜುಬೇದಾ ಒಬ್ಬಳು. ಹನ್ನೊಂದು ವರ್ಷ. ತಂದೆ ಮರದ ಡಿಪೋದಲ್ಲಿ ಕೂಲಿ. ತಾಯಿ ಅವಳನ್ನು ಸೊಂಟದ ಮೇಲೆ ಹೊತ್ತು ತಂದು ಕಾಯತಾನನ ಕೈಗೆ ಕೊಡುತ್ತಿದ್ದಳು. ಎರಡು ವರ್ಷ ಅವಳು ಗೋಡೆಯ ಕಬ್ಬಿಣದ ಸರಳು ಬಿಟ್ಟಿರಲಿಲ್ಲ.

1979ರ ಮಾರ್ಚ್‌ನಲ್ಲಿ ಕೊಳದ ಲೆಕ್ಕವೇ ತಪ್ಪಿತು. ಮಳೆಯಿಲ್ಲ, ಆದರೂ ಉಪ್ಪು ಇಳಿಯುತ್ತಿತ್ತು. ನೀರು ಕಡಿಮೆಯಾಯಿತೆಂದು ಸಿಹಿನೀರು ಬಿಟ್ಟರೆ ಕೊಳವೆ ಇನ್ನೂ ಆಳಕ್ಕೆ ಮುಳುಗುತ್ತಿತ್ತು. ಕಾಯತಾನ ಚೀಲದ ಮೇಲೆ ಚೀಲ ಉಪ್ಪು ಸುರಿದ. ದವಾಖಾನೆಯ ವ್ಯವಸ್ಥಾಪಕ ಚನಬಸಪ್ಪ ಅವನನ್ನು ಕರೆಸಿದ.

"ಉಪ್ಪಿನ ಚೀಲ ಯಾರ ಮನಿಗೆ ಹೊಂಟಾವಲೇ ಕಾಯತಾನ?"

"ಯಾರ ಮನಿಗೂ ಇಲ್ರಿ ಸಾಹೇಬ್ರ. ನೀರಾಗ ಹಾಕೇನಿ."

"ಹಂಗಾರ ನೀರು ತಿಂದೈತೇನು?"

ಕಾಯತಾನ ಕೊಳದ ಬಳಿಗೆ ಹಿಂತಿರುಗಿದ. ಕೊಳದ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದ. ಅದೇ ನೀರನ್ನು ಒಂದು ಬಕೀಟಿನಲ್ಲಿ ತುಂಬಿ ಪಕ್ಕಕ್ಕಿಟ್ಟ. ಐದು ದಿನ ಹೊಸ ನೀರು ಬಿಡಲಿಲ್ಲ. ಬಕೀಟಿನ ನೀರು ಆರಿ ಕೊಳವೆ ಮೇಲೆದ್ದಿತ್ತು. ಕೊಳದಲ್ಲಿ ನೀರು ಒಂದು ಗೇಣು ಇಳಿದಿತ್ತು, ಕೊಳವೆ ಮಾತ್ರ ಇದ್ದಲ್ಲೇ ನಿಂತಿತ್ತು. ಬಿಸಿಲಿಗೆ ಹೋದ ನೀರು ಉಪ್ಪನ್ನು ಬಿಟ್ಟು ಹೋಗಬೇಕು. ಇದು ಉಪ್ಪನ್ನೂ ಹೊತ್ತು ಹೋಗುತ್ತಿದೆ. ತಳ ಸೀಳಿದೆ.

ಅದೇ ಸಂಜೆ ಕೆಳಗಿನ ಕೂಲಿಗಳ ಓಣಿಯ ಹೊಳೆವ್ವ ತಂಬಿಗೆ ಹಿಡಿದು ಬಂದಳು. "ಅಣ್ಣ, ನಮ್ಮ ಬಾವಿ ನೀರು ಕುಡದ ನೋಡು. ಬ್ಯಾಳಿ ಬೇಯವಲ್ದು. ಸೊಸಿ ಕೂಸು ಕುಡದಿದ್ದೆಲ್ಲಾ ಕಕ್ಕತೈತಿ."

ಅವನು ಒಂದು ಗುಟುಕು ಕುಡಿದ. ಕೊಳದ ಉಪ್ಪೇ. ಅವನಿಗೆ ಬೇರೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ.

"ಬ್ಯಾರೆ ಬಾವಿಯಿಂದ ತರ್ರಿ" ಎಂದಷ್ಟೇ ಹೇಳಿದ.

ಹೇಳಬೇಕಾದ್ದನ್ನು ಹೇಳಲಿಲ್ಲ. ಹಿಂದಿನ ದಿನವಷ್ಟೇ ಜುಬೇದಾ ಸರಳು ಬಿಟ್ಟು ನಿಂತಿದ್ದಳು. "ಮಾಮಾ, ಹಿಡೀಬ್ಯಾಡ್ರಿ, ಹಿಡೀಬ್ಯಾಡ್ರಿ" ಎಂದು ಕೂಗುತ್ತ ನಾಲ್ಕು ಹೆಜ್ಜೆ ನಡೆದಿದ್ದಳು. ಬಾಯಿ ಬಿಟ್ಟರೆ ಕೊಳ ಬರಿದಾಗುತ್ತದೆಂದು ಅವನಿಗೆ ಗೊತ್ತಿತ್ತು. ಎಂಟು ದಿನ ಸುಮ್ಮನಿದ್ದ. ಎಂಟನೆಯ ದಿನ ಹೊಳೆವ್ವನ ಮೊಮ್ಮಗುವನ್ನು ಅರೆಗಣ್ಣಿನಲ್ಲಿ ದವಾಖಾನೆಗೆ ತಂದರು. ಬೇರೆ ಬಾವಿ ದೂರ, ಬಾಣಂತಿ ಅದೇ ನೀರು ಕುದಿಸಿ ಕೊಟ್ಟಿದ್ದಳು. ಕಾಯತಾನ ನೇರ ಚನಬಸಪ್ಪನ ಮುಂದೆ ನಿಂತು ಎಲ್ಲ ಹೇಳಿದ.

ಕೂಸು ಬದುಕಿತು. ಕೊಳ ಖಾಲಿಯಾಯಿತು. ತಳದಲ್ಲಿ ಉದ್ದಕ್ಕೂ ಬೆರಳು ಹೋಗುವಷ್ಟು ಸೀಳಿತ್ತು. ದುರಸ್ತಿಯ ಮಾತು ಯಾರೂ ಎತ್ತಲಿಲ್ಲ. ಮೇ ತಿಂಗಳಲ್ಲಿ ಗಾಡಿಗಟ್ಟಲೆ ಮಣ್ಣು ತಂದು ತುಂಬಿದರು. ಕಾಯತಾನನಿಗೆ ಕೆಲಸವೂ ಉಳಿಯಲಿಲ್ಲ.

ಓಣಿಯ ಹೆಂಗಸರು ಅವನನ್ನು ಬಾವಿಕಟ್ಟೆಯ ಬಳಿ ತಡೆದರು. "ಎಂಟು ದಿನ ಗೊತ್ತಿದ್ದೂ ಸುಮ್ಮನ ಕುಂತಿದ್ದೇನು?" ಎಂದಳು ಹೊಳೆವ್ವ. ಅವನು ತಲೆ ತಗ್ಗಿಸಿದ. ಬಾವಿಯ ನೀರು ಎರಡು ಮಳೆಗಾಲ ಕಳೆದರೂ ಸಿಹಿಯಾಗಲಿಲ್ಲ. ಆ ಎರಡು ವರ್ಷವೂ ಅವರು ಮೇಲಿನ ನಲ್ಲಿಯಿಂದ ಕೊಡ ಹೊತ್ತರು.

ಜುಬೇದಾಳ ಕಾಲು ಮತ್ತೆ ಬಿಗಿಯತೊಡಗಿತು. ಕಾಯತಾನ ಅವಳ ತಾಯಿಯ ಕೈಕಾಲು ಹಿಡಿದು, ಒಂದು ಭಾನುವಾರ ಇಬ್ಬರನ್ನೂ ಮೌಳಂಗಿಯ ಹೊಳೆಗೆ ಕರೆದೊಯ್ದ. ಸೊಂಟಮಟ್ಟದ ನೀರಿನಲ್ಲಿ ಅವಳನ್ನು ನಿಲ್ಲಿಸಿದ. ಸಿಹಿನೀರು ಎತ್ತಿ ಹಿಡಿಯಲಿಲ್ಲ. ಕಲ್ಲು ಜಾರಿತು, ಸೆಳೆತ ಅವಳನ್ನು ಎರಡು ಮಾರು ಎಳೆದೊಯ್ದಿತು. ಎತ್ತಿಕೊಂಡಾಗ ಹಣೆ ಒಡೆದಿತ್ತು.

"ಬಸ್ ಭಾಯಿ, ಸಾಕು" ಎಂದಳು ತಾಯಿ, ಮಗಳನ್ನು ಕಸಿದುಕೊಂಡು. "ಇನ್ನ ಬರಬ್ಯಾಡ್ರಿ."

ಮುಂದಿನ ವರ್ಷ ಆ ಕುಟುಂಬ ಮುಂಡಗೋಡದ ಕಡೆ ಸನವಳ್ಳಿಗೆ ಹೋಯಿತು. ಕಾಯತಾನ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಹೊಡೆಯುವ ಕೆಲಸ ಹಿಡಿದ. 1983ರಲ್ಲಿ, ಬಂದು ಹೋಗುವವರಿಂದ ವಿಳಾಸ ಕೇಳಿಕೊಂಡು, ಬಸ್ಸು ಹತ್ತಿ ಸನವಳ್ಳಿಗೆ ಹೋದ. ಜುಬೇದಾ ಅಂಗಳದಲ್ಲಿ ಕೈಯೂರಿ ಸರಿಯುತ್ತ ಮೆಣಸಿನಕಾಯಿ ಹರಡುತ್ತಿದ್ದಳು. ಅಂಗೈಗೆ ಚಪ್ಪಲಿ ಕಟ್ಟಿಕೊಂಡಿದ್ದಳು. ಗುರುತು ಹಿಡಿದಳು, ಕೂತುಕೊಳ್ಳಲು ಮಣೆ ಕೊಟ್ಟಳು. 

"ಮಾಮಾ, ಇನ್ನೊಂದ ತಿಂಗಳು ತಡದು ಹೇಳಿದ್ರ ಆಗ್ತಿರಲಿಲ್ಲೇನು?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೊಳೆವ್ವನ ಮೊಮ್ಮಗುವಿನ ವಿಷಯ ಹೇಳಲು ಅವನು ಬಾಯಿ ತೆರೆದ. ಅವಳ ಅಂಗೈಯ ಚಪ್ಪಲಿ ಕಂಡು ಹೇಳಲಾಗಲಿಲ್ಲ. ಅವಳು ಕೊಟ್ಟ ಚಹಾ ಕುಡಿದು, ಮೂರು ಗಂಟೆಯ ಬಸ್ಸಿಗೆ ಎದ್ದು ಹೊರಟ. ಆಮೇಲೆ ಅವನು ಸನವಳ್ಳಿಯ ಕಡೆ ಹೋಗಲಿಲ್ಲ.