ಎರಡು ಮನೆ ನಡುವಿನ ಕಿಂಡಿ

ಮೊನ್ನೆ ಬೆಳಿಗ್ಗೆ ನಮ್ಮ ಕೆಳಗಿನ ಫ್ಲ್ಯಾಟಿನವರು ಗೋಡೆ ಒಡೆಸತೊಡಗಿದರು. ಸದ್ದಿನ ಬೆನ್ನಿಗೇ ಮೇಲೆ ಬಂದದ್ದು ವಾಸನೆ... ಹಳೆಯ ಇಟ್ಟಿಗೆ ಪುಡಿಯಾದಾಗ ಏಳುವ, ಸುಣ್ಣ ಬೆರೆತ, ಗಂಟಲಿಗೆ ಹತ್ತುವ ಒಣ ವಾಸನೆ. ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ಅಲ್ಲೇ ನಿಂತುಬಿಟ್ಟೆ. ಆಮೇಲೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಅಡುಗೆಮನೆಗೂ ಹಾಲಿಗೂ ಸುಮ್ಮನೆ ಓಡಾಡಿದೆ. "ಎಂತಾಯ್ತು ಅಮ್ಮ?" ಎಂದು ಸೊಸೆ ಕೇಳಿದಳು. ಮುಂಬಯಿಯ ಘಾಟ್ಕೋಪರದ ಸಾಲುಮನೆಗಳ ಚಾಳಿನಲ್ಲಿ ಪಕ್ಕದ ಮನೆಯ ಅಕ್ಕ ನನ್ನ ಅಡುಗೆಮನೆಯ ಗೋಡೆ ಒಡೆದ ಕಥೆಯನ್ನು ನಿಂತ ಕಾಲಲ್ಲಿ ಹೇಳುವುದು ಹೇಗೆ?

ಮದುವೆಯಾಗಿ ಉಡುಪಿ ಕಡೆಯಿಂದ ನಾನು ಆ ಚಾಳಿಗೆ ಬಂದಾಗ ಅರವತ್ತರ ದಶಕ ಮುಗಿಯುತ್ತಿತ್ತು. ಯಜಮಾನರು ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ನಮ್ಮದು ಮೊದಲ ಮಾಳಿಗೆಯ ಸಾಲಿನಲ್ಲಿ ಕೊನೆಯ ಮನೆ. ಮುಂದೊಂದು ಕೋಣೆ, ಹಿಂದೆ ಅಡುಗೆಯ ಜಾಗ. ಮೂಲೆಯ ಮನೆಯಾದ್ದರಿಂದ ಅಡುಗೆಯ ಜಾಗಕ್ಕೆ ಪೂರ್ವದ ಕಡೆ ಒಂದು ಕಿಟಕಿ ಇತ್ತು. ಉಳಿದವರಿಗೆ ಆ ಭಾಗ್ಯವಿರಲಿಲ್ಲ. ಹಿಂದಿನ ಬಿಲ್ಡಿಂಗ್ ಚಾಳಿನ ಬೆನ್ನಿಗೇ ಅಂಟಿಕೊಂಡಿದ್ದರಿಂದ ಅವರ ಒಳಕೋಣೆಗಳಲ್ಲಿ ಮಧ್ಯಾಹ್ನವೂ ಬಲ್ಬು ಉರಿಯಬೇಕಿತ್ತು.

ಪಕ್ಕದ ಮನೆಯಲ್ಲಿದ್ದವರು ಬಿಜಾಪುರದ ಕಡೆಯ ಗಂಡ ಹೆಂಡತಿ, ಮಕ್ಕಳಿಲ್ಲ. ಗಂಡ ಗೋಡೆ ಕಟ್ಟುವ ಗೌಂಡಿ. ಹೆಂಡತಿ ಅದೇ ಕಟ್ಟಡಗಳಲ್ಲಿ ಗಾರೆಯ ಬುಟ್ಟಿ ಹೊರುವವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವರನ್ನು ಭಾವ. ಅಕ್ಕ ಎತ್ತರದ ಹೆಂಗಸು. ಕೂತು ಮಾತಾಡಿದ್ದನ್ನು ನಾನು ಕಂಡದ್ದೇ ಅಪರೂಪ. ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಮಾತು ಅರ್ಧಕ್ಕೇ ಬಿಟ್ಟು ಹೊರಟುಬಿಡುವಳು. ಸ್ವಲ್ಪ ಹೊತ್ತಿಗೆ ಉಳಿದರ್ಧ ಹೇಳಲು ಬರುವಳು.

ಒಂದು ಮಳೆಗಾಲದಲ್ಲಿ ಭಾವ ಕಟ್ಟಡಕ್ಕೆ ಕಟ್ಟಿದ್ದ ಬಿದಿರಿನ ಸಾರುವೆಯಿಂದ ಜಾರಿ ಬಿದ್ದರು. ಆಸ್ಪತ್ರೆಯಿಂದ ಬಂದಾಗ ಸೊಂಟ, ಕಾಲು ಎರಡೂ ಹೋದಂತಿತ್ತು. ಕಾಲು ಮೆಲ್ಲಗೆ ಕೂಡೀತು, ಎದ್ದು ಕೂರುವ ಮನಸ್ಸು ಮಾಡಬೇಕು ಎಂದಿದ್ದರಂತೆ ಡಾಕ್ಟರು. ಭಾವ ಆ ಮನಸ್ಸನ್ನೇ ಮಾಡಲಿಲ್ಲ. ಮುಂದಿನ ಕೋಣೆಯಲ್ಲಿ ಮಲಗಿಸಿದರೆ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಹೋಗಿಬರುವವರೆಲ್ಲ ಇಣುಕುತ್ತಿದ್ದರು. "ಒಳಗ ಹಾಕ ನನ್ನ" ಎಂದರಂತೆ. ಒಳಗೆ ಹಾಕಿದ ಮೇಲೆ ಮಾತೇ ನಿಂತುಹೋಯಿತು. ಬಲ್ಬು ಹಾಕಿದರೆ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗುತ್ತಿದ್ದರು.

ಅಂದಿನಿಂದ ಅಕ್ಕನಿಗೆ ಬೆಳಕಿನ ಹುಚ್ಚು ಹಿಡಿಯಿತು. ಒಬ್ಬಳೇ ಸುಣ್ಣ ಕಲಸಿ ಒಳಕೋಣೆಗೆಲ್ಲ ಬಳಿದಳು. ಕತ್ತಲು ಸ್ವಲ್ಪ ಬೆಳ್ಳಗಾಯಿತು ಅಷ್ಟೆ. ಆಮೇಲೆ ಎಲ್ಲಿಂದಲೋ ಒಂದು ಕನ್ನಡಿ ತಂದು ಗ್ಯಾಲರಿಯ ಕಟಕಟೆಗೆ ಕಟ್ಟಿದಳು. ಬಿಸಿಲು ಕನ್ನಡಿಗೆ ಬಡಿದು ಬಾಗಿಲಿನಿಂದ ಒಳಗೆ ಹಾರುತ್ತಿತ್ತು, ನಿಜ. ಆದರೆ ಸೂರ್ಯ ನಿಲ್ಲುತ್ತಾನೆಯೇ? ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕನ್ನಡಿ ಸರಿಸುವಳು, ಒಳಗೆ ಹೋಗುವಳು, ಮತ್ತೆ ಬರುವಳು. ಒಮ್ಮೆ ಆ ಝಳಪು ಎದುರು ಸಾಲಿನ ಮನೆಯವಳ ಕಣ್ಣಿಗೆ ಹೊಡೆದು ದೊಡ್ಡ ಜಗಳವಾಯಿತು. ಕನ್ನಡಿ ಇಳಿಯಿತು.

"ನಮ್ಮೂರ ಮನ್ಯಾಗ ಮಾಳಿಗಿಗೆ ಬೆಳಕಿಂಡಿ ಇರತಿತ್ತ ತಂಗಿ" ಎಂದಳು ಆ ದಿನ. "ಮುಂಜಾನೆ ಬಿಸಿಲ ನೆಲಕ್ಕ ಬಿದ್ದರ ಎದ್ದ ಕುಂದ್ರತಿದ್ದಿವಿ. ಇಲ್ಲಿ ಅವರಿಗೆ ಹಗಲ ಯಾವದು, ರಾತ್ರಿ ಯಾವದು ಗೊತ್ತ ಆಗವಲ್ದು."

ಅದೇ ಚಳಿಗಾಲದಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾಯಿತು. ವೈರಿ ವಿಮಾನಕ್ಕೆ ಬೆಳಕು ಕಾಣದಂತೆ, ಬ್ಲ್ಯಾಕೌಟ್ ಎಂದು ಮುಂಬಯಿಗೆ ಮುಂಬಯಿಯೇ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿತ್ತು. ನಮ್ಮ ಅಡುಗೆಮನೆಯೂ ಕತ್ತಲ ಗವಿಯಾಯಿತು. ನನಗೆ ಆಗ ಬಸುರಿನ ಮೊದಲ ತಿಂಗಳುಗಳು, ಆ ಕತ್ತಲಲ್ಲಿ ಒಲೆಯ ಮುಂದೆ ಕೂರಲಾಗದೆ ಮತ್ತೆ ಮತ್ತೆ ಗ್ಯಾಲರಿಗೆ ಎದ್ದು ಬರುತ್ತಿದ್ದೆ. ಭಾವ ತಿಂಗಳುಗಟ್ಟಲೆ ಹೀಗೇ ಇದ್ದಾರಲ್ಲ ಎಂದು ಆಗ ಮೊದಲ ಸಲ ನನಗೆ ಮೈಗೆ ತಾಗುವಂತೆ ಅನಿಸಿತು. ಯುದ್ಧ ಮುಗಿದ ಮೇಲೆ ಕಾಗದ ಕೆರೆದು ತೆಗೆಯಲು ಅಕ್ಕನೇ ಬಂದಳು. ಕೊನೆಯ ಚೂರು ಬಿದ್ದದ್ದೇ, ಬಿಸಿಲು ಒಮ್ಮೆಗೇ ನುಗ್ಗಿ ಎದುರಿನ ಗೋಡೆಗೆ ಬಡಿಯಿತು. ಅಕ್ಕ ಕಿಟಕಿ ನೋಡಲಿಲ್ಲ, ಗೋಡೆ ನೋಡಿದಳು. ಹೋಗಿ ಅದರ ಮೇಲೆ ಅಂಗೈ ಇಟ್ಟಳು.

"ತಂಗಿ, ಇದರ ಆ ಕಡೆ ನಮ್ಮನಿಯವ್ರ ಮಲಗ್ಯಾರ."

ಆ ಗೋಡೆಯಲ್ಲಿ, ತಲೆಗಿಂತ ಮೇಲೆ, ಒಂದು ಕಿಂಡಿ. ಅವಳು ಕೇಳಿದ್ದು ಅಷ್ಟೇ. ರಾತ್ರಿ ಯಜಮಾನರಿಗೆ ಹೇಳಿದೆ. "ನಿನಗೆಂತ ಮರುಳಾ? ನಾಳೆ ನಮ್ಮ ಮನೆಯ ಪಿಸುಮಾತೂ ಅವರಿಗೆ ಕೇಳ್ತದೆ. ಚಾಳಿನ ಮಾಲೀಕ ಗೊತ್ತಾದರೆ ನಮ್ಮನ್ನೇ ಓಡಿಸ್ತಾನೆ. ಬಸುರಿ ನೀನು, ಎಲ್ಲಿಗೆ ಹೋಗ್ತಿ?" ಎಂದರು. ಅವರು ಹೇಳಿದ್ದರಲ್ಲೂ ಸುಳ್ಳೇನಿರಲಿಲ್ಲ. ಅಕ್ಕನಿಗೆ ಆಗುವುದಿಲ್ಲ ಎಂದು ತಿಳಿಸಿದೆ. "ಇರಲಿ ಬಿಡ" ಎಂದಳು. ಮತ್ತೆ ಕೇಳಲಿಲ್ಲ. ಆದರೆ ಗ್ಯಾಲರಿಯಲ್ಲಿ ಅವಳ ಓಡಾಟ ಹೆಚ್ಚಿತು. ಆ ತುದಿಗೆ ಹೋಗುವಳು, ನಮ್ಮ ಬಾಗಿಲವರೆಗೆ ಬಂದು ತಿರುಗುವಳು. ಒಳಗೆ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದ ನನಗೂ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಗೋಡೆಗೆ ಕಿವಿ ಕೊಟ್ಟರೆ ಅವಳ ದನಿ ಸಣ್ಣಗೆ ಕೇಳುತ್ತಿತ್ತು: "ಒಂದ ತುತ್ತ ತಿನ್ರಿ... ಒಂದ ತುತ್ತ."

ಒಂದು ಬೆಳಿಗ್ಗೆ ಆ ದನಿಯೂ ಕೇಳಲಿಲ್ಲ. ಹೆದರಿ ಓಡಿದೆ. ಅಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಹಾಗೆ ಸುಮ್ಮನೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಮುಟ್ಟದ ತಾಟು ಪಕ್ಕದಲ್ಲೇ ಇತ್ತು. "ಸಾಕಂತ ಕೈ ಮಾಡ್ತಾರ ತಂಗಿ. ಎಲ್ಲಾ ಸಾಕಂತ" ಎಂದಳು.

"ಅಕ್ಕಾ, ಸುತ್ತಿಗೆ ಎಲ್ಲಿದೆ?" ಎಂದೆ.

ಅವಳು ನನ್ನ ಮುಖ ನೋಡಿದಳು. ಎರಡನೆಯ ಸಲ ಕೇಳಲಿಲ್ಲ. ಸೆರಗು ಬಿಗಿದು, ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು, ಉಳಿ ಇಟ್ಟು ಹೊಡೆಯತೊಡಗಿದಳು. ನಾನು ಪಾತ್ರೆಗಳ ಮೇಲೆ ಹಳೆಯ ಸೀರೆ ಹೊದಿಸಿ ಮೂಗಿಗೆ ಸೆರಗು ಹಿಡಿದು ನಿಂತೆ. ಗಾರೆ ಉದುರಿತು, ಒಂದು ಇಟ್ಟಿಗೆ ಅಲುಗಿತು. ಅದನ್ನು ಎಳೆದದ್ದೇ, ನಮ್ಮ ಬಿಸಿಲು ಅತ್ತ ಕಡೆಗೆ ಇಳಿಯಿತು. ಧೂಳಿನಲ್ಲಿ ಕೋಲಿನಂತೆ ಕಾಣುತ್ತಿತ್ತು. ಅಕ್ಕ ಎರಡನೆಯ ಇಟ್ಟಿಗೆಗೆ ಉಳಿ ಇಟ್ಟಳು. ಆಗ ಒಳಗಿನಿಂದ, ಬಳಸದೆ ತುಕ್ಕು ಹಿಡಿದಂಥ ದನಿಯೊಂದು ಕೂಗಿತು:

"ಯಾವ ಹುಚ್ಚ ಒಡ್ಯಾಕತ್ತಾನಲೇ ಅದನ್ನ? ಮ್ಯಾಲ ಹಲಗಿ ಕೊಡದ ಒಡದ್ರ ಗ್ವಾಡಿ ತಲಿ ಮ್ಯಾಲ ಬರತೈತಿ!"

ಅಕ್ಕನ ಕೈ ನಿಂತಿತು. ಸ್ಟೂಲಿನ ಮೇಲೆ ನಿಂತಲ್ಲೇ ಅವಳ ಭುಜ ಅಲುಗತೊಡಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. "ಹುಚ್ಚ ಅಲ್ರಿ, ಹುಚ್ಚಿ" ಎಂದಳು ಕಿಂಡಿಗೆ ಬಾಯಿಟ್ಟು. "ಹೆಂಗ ಒಡೀಬೇಕ ಹೇಳ್ರಿ ಹಂಗಾರ."

ನಾವಿಬ್ಬರೂ ಆ ಮನೆಗೆ ಓಡಿದೆವು. ಭಾವ ಮೊಣಕೈ ಊರಿ ಅರ್ಧ ಎದ್ದಿದ್ದರು. ಗಡ್ಡ ಬೆಳೆದ ಮುಖದ ಮೇಲೆ ಬಿಸಿಲು, ಕಣ್ಣು ಮಾತ್ರ ಗೋಡೆಯ ಮೇಲೆ. ಅಕ್ಕನ ತೋಳು ಹಿಡಿದು ಎದ್ದು ಗೋಡೆಗೆ ಒರಗಿ ಕೂತು, ಎಲ್ಲಿ ಹಲಗೆ ಕೊಡಬೇಕು, ಯಾವ ಇಟ್ಟಿಗೆ ಬಿಡಬೇಕು ಎಂದು ಬೈಯುತ್ತ ಬೈಯುತ್ತಲೇ ಅಕ್ಕನ ಕೈಯಿಂದ ಕಿಂಡಿ ಪೂರ್ತಿ ಮಾಡಿಸಿದರು. ಕೊನೆಗೆ ನೀರು ಕೇಳಿದರು. ಆಮೇಲೆ ರೊಟ್ಟಿ.

ಯಜಮಾನರು ಬಂದು ನೋಡಿ ಕೆಂಪಗಾದರು. ನಾನು ಉತ್ತರ ಕೊಡುವ ಮೊದಲೇ ಕಿಂಡಿಯಿಂದ ಭಾವನ ದನಿ ಬಂತು: "ಸಾಹೇಬ್ರ, ತಪ್ಪಾತ್ರಿ. ಆದ್ರ ಬಿಸಿಲ ಭಾಳ ಛಲೋ ಐತ್ರಿ ನಿಮ್ಮನಿದು." ಆ ದನಿ ಯಜಮಾನರೂ ತಿಂಗಳುಗಳಿಂದ ಕೇಳಿರಲಿಲ್ಲ. ಅಂಗಿಯ ಗುಂಡಿ ಬಿಚ್ಚತೊಡಗಿದರು. "ಆರೋಗ್ಯ ಹೇಗುಂಟು ಈಗ?" ಎಂದು ಗೋಡೆಗೆ ಕೇಳಿದರು. ಮುಂದೆ ಮಾಲೀಕನ ಕಡೆಯವನು ಬಂದು ಕಿಂಡಿಯತ್ತ ಬೆರಳು ಮಾಡಿದಾಗ, "ಯೇ ತೋ ಪೆಹಲೇ ಸೇ ಹೈ", ಇದು ಮೊದಲಿನಿಂದಲೂ ಇದ್ದದ್ದೇ, ಎಂದು ಮುಖದ ಒಂದು ಗೆರೆಯೂ ಅಲುಗದೆ ಹೇಳಿದವರು ಅವರೇ.

ಬೇಸಿಗೆಗೆ ಭಾವ ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಿದ್ದರು. ನಾನು ಹೆರಿಗೆಗೆ ಊರಿಗೆ ಹೊರಟಾಗ ಅಕ್ಕ ಗ್ಯಾಲರಿಯಲ್ಲಿ ನಿಂತು, "ಕೂಸಿಗೆ ಕೌದಿ ಹೊಲಿದ ಇಟ್ಟಿರತೇನಿ, ಲಗೂನ ಬಾ" ಎಂದಿದ್ದಳು.

ಮಳೆಗಾಲ ಕಳೆದು ಮಗನನ್ನೆತ್ತಿಕೊಂಡು ಬಂದೆ. ಪಕ್ಕದ ಬಾಗಿಲಿಗೆ ಯಾರದೋ ಹೊಸ ಪರದೆ. ಒಳಗೆ ಬಂದು ಅಡುಗೆಮನೆ ನೋಡಿದರೆ ಕಿಂಡಿ ಇಲ್ಲ. ಗೋಡೆ ನುಣ್ಣಗೆ, ಕೈ ಆಡಿಸಿದರೂ ಗುರುತು ಸಿಗದಂತೆ.

ಯಜಮಾನರು ಹೇಳಿದರು. ಮುಂಬಯಿಯ ಆ ತುದಿಯ ದಹಿಸರಿನಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿಗೆ ಭಾವನನ್ನು ಕಾವಲಿಗೆ ಇಟ್ಟುಕೊಂಡರಂತೆ. ಇರಲು ಅಲ್ಲೇ ಒಂದು ಶೆಡ್ಡು. ಸುತ್ತ ಬಯಲು, ಬೇಕಾದಷ್ಟು ಬಿಸಿಲು ಎಂದು ಅಕ್ಕ ಖುಷಿಯಾಗಿದ್ದಳಂತೆ. ಹೊರಡುವ ದಿನ ಗಾರೆ ಬಳಿಯುವ ಕರಣಿ ಹಿಡಿದು ಬಂದು ಕಿಂಡಿಯನ್ನು ತಾನೇ ಮುಚ್ಚಿದಳಂತೆ. ಇವರು ಬೇಡವೆಂದರೂ ಕೇಳಲಿಲ್ಲವಂತೆ.

"ಬರಾವ್ರು ಎಂಥಾವ್ರೋ ಏನೋ. ನನ್ನ ತಂಗಿ ಬಾಣಂತಿ, ಹಾಲ ಕುಡಸಾಕಿ. ಆಕಿ ಮನಿ ಯಾರೂ ನೋಡಬಾರದು" ಎಂದಳಂತೆ.

ಅವಳು ಹಳೆಯ ಸೀರೆಯ ಚೂರುಗಳಿಂದ ಹೊಲಿದಿಟ್ಟು ಹೋಗಿದ್ದ ಕೌದಿ ಮಂಚದ ಮೇಲಿತ್ತು.

ಮಗ ಅಂಬೆಗಾಲಿಡುವ ಹೊತ್ತಿಗೆ ಒಂದು ಭಾನುವಾರ ದಹಿಸರಿಗೆ ಹೋದೆವು. ಬಿಲ್ಡಿಂಗ್ ಮುಗಿದು ಸಂಸಾರಗಳು ಬಂದಿದ್ದವು, ಬಟ್ಟೆ ಒಣಗುತ್ತಿತ್ತು. ಶೆಡ್ಡು ಇದ್ದ ಜಾಗದಲ್ಲಿ ಸ್ಕೂಟರುಗಳು ನಿಂತಿದ್ದವು. ಕಟ್ಟಿದವರು ಎಲ್ಲಿಗೆ ಹೋದರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವು ಮುಂದಿನ ಲೋಕಲ್ ರೈಲು ಹಿಡಿದು ವಾಪಸಾದೆವು. ಆ ಚಾಳೂ ಈಗ ಇಲ್ಲ. ಯಜಮಾನರೂ ಇಲ್ಲ.

ಇವತ್ತಿಗೂ ರಸ್ತೆಯಲ್ಲಿ ಯಾವುದಾದರೂ ಬಿಲ್ಡಿಂಗ್ ಏಳುತ್ತಿದ್ದರೆ, ಇಳಕಲ್ ಸೀರೆಯ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರೆ, ನನ್ನ ಕಾಲು ನಿಲ್ಲುತ್ತದೆ. ಅಕ್ಕ ಬದುಕಿದ್ದರೆ ತೊಂಬತ್ತು ದಾಟಿರಬೇಕು. ಬುಟ್ಟಿ ಹೊತ್ತವರು ಅವಳ ಮೊಮ್ಮಕ್ಕಳ ವಯಸ್ಸಿನವರು. ಅದು ಗೊತ್ತಿದ್ದೂ ಒಬ್ಬೊಬ್ಬಳ ಮುಖವನ್ನೂ ನೋಡುತ್ತೇನೆ... ಸಾಲು ಮುಗಿಯುವವರೆಗೆ.